ಹಾಗಲಕಾಯಿ ಗೊಜ್ಜಿನ ಮಹಿಮೆ

"ಇನ್ಮೇಲೆ ಈ ಮುನಿಆಂಜನಪ್ಪ ಒಂದು ಮಾತ್ರೇನೂ ಮುಟ್ಟಲ್ಲ! ಹಾಗಲಕಾಯಿ ಇದೆ, ಮನೋಬಲ ಇದೆ!"

2003ರ ಯುಗಾದಿಯಂದು ದೊಡ್ಡನೆಕ್ಕುಂದಿಯ ಯಜಮಾನರು ಹೀಗೆ ಭೀಷ್ಮಪ್ರತಿಜ್ಞೆ ಮಾಡಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಚರಂಡಿಗೆ ಎಸೆದರು. ಹೆಂಡತಿ ಚಿಕ್ಕಮುನಿಯಮ್ಮ ಎದುರಾಡಲಿಲ್ಲ. ದಿನಾ ಮುದ್ದೆಯ ಜೊತೆ ಹಾಗಲಕಾಯಿ ಗೊಜ್ಜು ಬಡಿಸಿದರು.

ಎಂಟು ತಿಂಗಳು ಸಕ್ಕರೆ ಗೆರೆ ದಾಟಲಿಲ್ಲ. ಯಜಮಾನರು ಅರಳಿಕಟ್ಟೆಯಲ್ಲೇ ಆಸ್ಪತ್ರೆ ತೆರೆದರು! ಸಿಕ್ಕಿದವರಿಗೆಲ್ಲ ಹಾಗಲಕಾಯಿ ಉಪದೇಶ.

ಅಷ್ಟರಲ್ಲಿ ಎದೆನೋವು ಬಂತು. ಆಂಜಿಯೋಗ್ರಾಮ್ ಆಗಬೇಕೆಂದ ಹಲಸೂರಿನ ಡಾಕ್ಟರು, "ಶುಗರ್ ಮಾತ್ರೆ ಎರಡು ದಿನ ಮುಂಚೆ ನಿಲ್ಸಿ. ನಾವು ರಕ್ತನಾಳಕ್ಕೆ ಹಾಕೋ ಡೈ ಜೊತೆ ಅದಿದ್ರೆ ಅಪಾಯ" ಎಂದರು. ತಿನ್ನದ ಮಾತ್ರೆಯನ್ನು ನಿಲ್ಲಿಸುವುದೇನು? ಯಜಮಾನರು ಮನೆಯಲ್ಲಿ ಹೇಳಲೂ ಇಲ್ಲ.

ಆಸ್ಪತ್ರೆಯ ಹಸಿರು ಗೌನು ತೊಟ್ಟು ಮಲಗಿದಾಗ ಮಾತ್ರ ಸತ್ತ ಅಣ್ಣನ ನೆನಪಾಯಿತು. ಅವರು ಇದೇ ಸಕ್ಕರೆಯಿಂದ ಮೊದಲು ಕಾಲು, ಆಮೇಲೆ ಜೀವ ಕಳೆದುಕೊಂಡಿದ್ದರು.

"ಶುಗರ್ ಮಾತ್ರೆ ನಿಲ್ಸಿ ಎಷ್ಟು ದಿನ ಆಯ್ತು ಅಂಕಲ್?" ಎಂದಳು ನರ್ಸ್ ಉಮ್ಮೆ ಕುಲ್ಸುಂ.

"ದಿನ ಅಲ್ಲಮ್ಮ, ಎಂಟು ತಿಂಗಳು!"

ಪಕ್ಕದಲ್ಲಿದ್ದ ಚಿಕ್ಕಮುನಿಯಮ್ಮನ ಮುಖ ಬಿಳಿಚಿಕೊಂಡಿತು. "ಯಾಕಮ್ಮ, ನಿಲ್ಲಿಸ್ಬೇಕಿತ್ತಾ?"

"ಹೌದು ಆಂಟಿ. ಇಲ್ದಿದ್ರೆ ಕಿಡ್ನಿಗೆ ಏಟು."

"ಹಂಗಾದ್ರೆ ಸೂಜಿ ಚುಚ್ಬೇಡಿ! ನಿನ್ನೆ ಗೊಜ್ಜಲ್ಲೂ ಮಾತ್ರೆ ಪುಡಿ ಮಾಡಿ ಹಾಕಿದ್ದೆ. ದಿನಾನೂ ಹಾಕ್ತಿದ್ದೆ. ಕಹೀಲಿ ಕಹಿ, ಇವರಿಗೆ ಗೊತ್ತಾಗ್ಲಿಲ್ಲ."

"ಯಾ ಅಲ್ಲಾ!" ಎಂದು ಉಮ್ಮೆ ಕುಲ್ಸುಂ ಡಾಕ್ಟರ ಬಳಿಗೆ ಓಡಿದಳು. ಎಂಟು ತಿಂಗಳ ಮನೋಬಲ ಮಂಚದ ಮೇಲೇ ನೆಲಕಚ್ಚಿತು.

"ನನಗೇ ಮೋಸ ಮಾಡ್ದೇನೇ?" ಯಜಮಾನರು ಗದರಿದರು.

"ಮಾಡ್ದೆ. ನಿಮ್ಮಣ್ಣನ ಕಾಲಿಗೆ ಸುತ್ತಿದ್ ಬಟ್ಟೆ ಒಗ್ದೋಳು ನಾನು. ಇನ್ನೊಂದ್ಸಲ ಒಗೆಯೋಕೆ ನನ್ ಕೈಲಾಗಲ್ಲ."

ಆಕೆಯ ಕಣ್ಣು ತುಂಬಿತ್ತು. ಯಜಮಾನರಿಗೆ ಬಹಳ ನಾಚಿಕೆಯಾಯಿತು. ಗೌನಿನ ದಾರ ಬಿಗಿಮಾಡಿಕೊಂಡರು.

ಪರೀಕ್ಷೆ ಮೂರು ದಿನ ಮುಂದೆ ಹೋಯಿತು. ಆ ಮೂರು ದಿನ ಶುದ್ಧ ಹಾಗಲಕಾಯಿ ತಿಂದದ್ದಕ್ಕೆ ಸಕ್ಕರೆ ಇನ್ನೂರೈವತ್ತು ಮುಟ್ಟಿತು! ಹೃದಯದಲ್ಲಿ ಮಾತ್ರ, ದೇವರು ದೊಡ್ಡವನು, ಹೆದರುವಂಥದ್ದೇನೂ ಸಿಗಲಿಲ್ಲ.

ಮಾತ್ರೆ ಮತ್ತೆ ಶುರುಮಾಡಲು ಡಾಕ್ಟರು ಹೇಳಿದ ದಿನ, ಯಜಮಾನರು ತಟ್ಟೆಯ ಮುಂದೆ ಕೂತು ತಾವಾಗಿಯೇ ಅಂಗೈ ಚಾಚಿದರು. "ಕೊಡೇ. ನಾನೇ ನುಂಗ್ತೀನಿ."

ಚಿಕ್ಕಮುನಿಯಮ್ಮ ಮಾತ್ರೆ ಕೊಟ್ಟರು, ನೀರು ಕೊಟ್ಟರು, ಅಲ್ಲೇ ನಿಂತರು.

"ನುಂಗಾಯ್ತಲ್ಲ, ಇನ್ನೇನು?"

"ನಾಲಿಗೆ ಎತ್ತಿ!"