ನಮ್ಮ ಪಂಚಾಯಿತಿಯ ಇತಿಹಾಸದ ಕೋಣೆ

ಪಂಚಾಯಿತಿ ಕೆಲಸದಲ್ಲಿ ನಗೆ ಪ್ರಸಂಗಗಳಿಗೆ ಬರವೇ ಇಲ್ಲ. ಆದರೆ ನಗು ಬರುವುದು ಆಮೇಲೆ. ಮೊದಲು ಬರುವುದು ಬೆವರು.

ನಾನು ಶಿಕಾರಿಪುರ–ಸೊರಬ ನಡುವಿನ ಒಂದು ಊರಿನಲ್ಲಿ ಪಿಡಿಒ. ಗದ್ದೆಗಳು ಸೈಟುಗಳಾಗಿ ಊರು ದಿನೇದಿನೇ ಬೆಳೆಯುತ್ತಿದೆ. ಹೊಸದಾಗಿ ಬಂದವರಿಗೆ ಊರಿನ ಹಿಂದಿನ ಕಥೆ ತಿಳಿಯಲಿ ಎಂದು ಜಿಲ್ಲೆಯ ದೊಡ್ಡ ಸಾಹೇಬರು ಪಂಚಾಯಿತಿ ಆಫೀಸಿನಲ್ಲೇ ಒಂದು ಇತಿಹಾಸದ ಕೋಣೆ ಮಾಡಲು ಹೇಳಿದರು. ಬಳಕೆ ತಪ್ಪಿದ ಹಳೆಯ ವಸ್ತುಗಳನ್ನು ಊರವರಿಂದ ಕೇಳಿ ತಂದು ಇಡಬೇಕು; ಉದ್ಘಾಟನೆಗೆ ಅವರೇ ಬರುತ್ತಾರೆ. "ಈ ಸಲ ಏನಾದ್ರೂ ಎಡವಟ್ಟಾದ್ರೆ ನಿಮ್ಮನ್ನ ಬೇರೆ ಜಿಲ್ಲೆಗೆ ಕಳಿಸ್ತೀನಿ" ಎಂದೂ ಸೇರಿಸಿದರು. ನನ್ನ ಮಗಳು ಎಸ್ಸೆಸ್ಸೆಲ್ಸಿ. ಮರುದಿನವೇ ಮನೆಮನೆ ಸುತ್ತಲು ಹೊರಟೆ.

ಕಂಬಳಿ

ಮೊದಲು ಸಿಕ್ಕಿದ್ದು ಕುರಿ ಸಾಕುವವರೊಬ್ಬರ ಅಜ್ಜನ ಕಾಲದ ಕರಿ ಕಂಬಳಿ. ಗೋಡೆಗೆ ಮೊಳೆ ಹೊಡೆದು ಚೆಂದವಾಗಿ ತೂಗುಹಾಕಿದೆ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಮೊಳೆ ಇದೆ, ಕಂಬಳಿ ಇಲ್ಲ. ಕಳ್ಳತನವೆಂದು ಪೊಲೀಸರಿಗೆ ಹೇಳಲು ಹೊರಟವನಿಗೆ ದಾರಿಯಲ್ಲೇ ಕಂಬಳಿ ಎದುರಾಯಿತು. ಅದರ ಒಳಗೆ ಅದರ ಯಜಮಾನರು, ಹಿಂದೆ ಕುರಿಗಳು.

"ಏನ್ರೀ ಇದು? ಬಳಕೆ ತಪ್ಪಿದ ವಸ್ತು ಅಂತ ಕೊಟ್ಟಿದ್ರಲ್ಲ?"

"ತಪ್ಪಿತ್ರೀ ಸರ. ಮಳಿ ಬಂತು."

ಹೋರಾಟ

ನಮ್ಮ ಅಧ್ಯಕ್ಷೆಗೆ ಬೇರೆಯದೇ ಚಿಂತೆ. "ಈಸೂರಿಗೆ ನಲವತ್ತೆರಡರ ಸ್ವಾತಂತ್ರ್ಯ ಹೋರಾಟ ಐತಿ. ಗೋಡೆ ಮೇಲೆ ನಮ್ಮೂರಿಂದೂ ಏನಾದ್ರೂ ಬರೀಬೇಕಲ್ರೀ" ಎಂದರು. ಇಬ್ಬರೂ ಕೂಡಿ ಊರಿನ ಹಿರಿಯಜ್ಜನ ಮನೆಗೆ ಹೋದೆವು.

"ಅಜ್ಜಾರೆ, ಆಗ ನಮ್ಮೂರೋರು ಏನು ಮಾಡಿದ್ರಂತೆ?"

"ನಮ್ಮಪ್ಪ ಹೇಳ್ತಿದ್ದ. ಈಸೂರಾಗ ಗದ್ಲ ಅಂತ ಸುದ್ದಿ ಬಂತಂತೆ. ನಮ್ಮೋರೆಲ್ಲ ಬಾಗಿಲು ಹಾಕ್ಕೊಂಡ್ರಂತೆ."

"ಅಷ್ಟೇನಾ?"

ಅಜ್ಜ ನಮ್ಮಿಬ್ಬರ ಮುಖ ನೋಡಿದರು. ಪಾಪ ಅನ್ನಿಸಿತೇನೋ.

"ಗಟ್ಟಿಯಾಗಿ ಹಾಕ್ಕೊಂಡ್ರಂತೆ."

"ಊರು ಒಗ್ಗಟ್ಟಾಗಿ ನಿಂತಿತು ಅಂತ ಬರೀರಿ" ಎಂದು ಅಧ್ಯಕ್ಷೆ ನನ್ನ ಕಿವಿಯಲ್ಲಿ ಹೇಳಿದರು. ಅಜ್ಜನ ಕಿವಿ ಇನ್ನೂ ಚುರುಕಾಗಿತ್ತು. "ನಿಂತಿರ್ಲಿಲ್ಲವ್ವಾ. ಅಟ್ಟದ ಮ್ಯಾಲೆ ಕೂತಿತ್ತು."

ಸೇರು

ಉದ್ಘಾಟನೆಯ ದಿನ ಬೆಳಿಗ್ಗೆಯೇ ಜಿಟಿಜಿಟಿ ಮಳೆ. ನಡುವೆ ಬಿಸಿಲು ಬಿದ್ದಾಗ ವಾಪಸ್ ಬಂದಿದ್ದ ಕಂಬಳಿ ಮತ್ತೆ ತಾನಾಗಿಯೇ ಗೋಡೆ ಬಿಟ್ಟು ಹೋಯಿತು. ಹೋಗಲಿ, ಒಬ್ಬ ಅಜ್ಜಿ ಕೊಟ್ಟಿದ್ದ ಹಿತ್ತಾಳೆ ಕಟ್ಟಿನ ಸೇರು ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆ ಅಜ್ಜಿಯೇ ಓಡೋಡಿ ಬಂದರು.

"ಮೊಮ್ಮಗನ ಹೆಂಡ್ತಿ ಮನೆ ತುಂಬೋ ಹೊತ್ತಾತು. ಹೊಸ್ತಿಲ ಮ್ಯಾಲೆ ಸೇರಕ್ಕಿ ಇಡಬೇಕು, ಕೊಡ್ರಿ."

"ಅಜ್ಜಿ, ಸಾಹೇಬ್ರು ಬರ್ತಿದಾರೆ. ಬೇರೆ ಪಾತ್ರೆ ಇಟ್ಟು ಒದೆಸಿ, ನಿಮ್ಮ ದಮ್ಮಯ್ಯ."

"ಸೊಸಿ ಒದೀಲಿಕ್ಕೆ ಕುಕ್ಕರ್ ಇಡ್ಲೇನು?"

ಸೇರು ಹೋಯಿತು. ತಾಸು ಬಿಟ್ಟು ಜೀಪು ಬಂತು. ಸಾಹೇಬರು ರಿಬ್ಬನ್ ಕತ್ತರಿಸಿ ಒಳಗೆ ಕಾಲಿಟ್ಟರು. ಕೋಣೆಯಲ್ಲಿ ಉಳಿದಿದ್ದು ಒಂದು ಮೊಳೆ, ಒಂದು ಖಾಲಿ ಮೇಜು, ನಾನು. ಇನ್ನು ಗಂಟುಮೂಟೆ ಕಟ್ಟುವುದೇ ಎಂದುಕೊಂಡು, ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟೆ: ಎಲ್ಲವೂ ಅವರವರ ಮನೆಯಲ್ಲಿ ಬಳಕೆಯಲ್ಲಿದೆ ಸರ್.

ಸಾಹೇಬರ ಮುಖ ಕೆಂಪಾಯಿತು. "ಇಡೀ ಊರಲ್ಲಿ ಬಳಕೆ ತಪ್ಪಿದ ವಸ್ತು ಒಂದೂ ಇಲ್ವೇನ್ರೀ?"

ಸೊಸೆಯನ್ನು ಮನೆ ತುಂಬಿಸಿಕೊಂಡು, ಎಲ್ಲರಿಗೂ ಹಂಚಲು ಸಕ್ಕರೆ ಹಿಡಿದು ಬಂದಿದ್ದ ಅಜ್ಜಿ ಬಾಗಿಲಲ್ಲಿ ನಿಂತಿದ್ದರು.

"ಯಾಕಿಲ್ರೀ ಸಾಹೇಬ್ರ? ಹೊರಗ ಬರ್ರಿ, ತೋರಿಸ್ತೀನಿ."

ಆಫೀಸಿನ ಎದುರೇ ಬೀದಿ ನಲ್ಲಿ. ಅಜ್ಜಿ ಅದನ್ನು ತಿರುವಿದರು. ಗಾಳಿಯೂ ಬರಲಿಲ್ಲ.

"ಅಂಬ್ಲಿಗೊಳ ಡ್ಯಾಮ್ ತುಂಬಿ ಹರಿದ್ರೂ ಇದರಾಗ ಒಂದ್ ಹನಿ ಬಿದ್ದಿಲ್ಲ" ಎಂದರು ಅಜ್ಜಿ, ಸಾಹೇಬರ ಕೈಗೆ ಸಕ್ಕರೆ ಹಾಕುತ್ತ. "ಇದನ್ನ ಕಿತ್ಕೊಂಡು ಒಳಗ ಇಡ್ರಿ. ಯಾರೂ ವಾಪಸ್ ಕೇಳಾಕ ಬರಂಗಿಲ್ಲ."