ಒಂದೇ ಸಲ ಕೇಳಿ ಒಳಗೆ ಹೋದ ಮಾರೆಕ್ ಅವರಿಗೆ

ಪೋಲೆಂಡ್ ದೇಶದ ತೋರುನ್ ಪಟ್ಟಣದ ಹಳೇ ಪೇಟೆಯಲ್ಲಿ, ಕೆಂಪು ಇಟ್ಟಿಗೆಯ ಕೋಟೆ ಗೋಡೆಗೆ ಒರಗಿಕೊಂಡಿರುವ ಊಟದ ಹೋಟೆಲಿನ ಮಾಲೀಕರೂ ಬಡಿಸುವವರೂ ಆದ ಮಾರೆಕ್ ಅವರ ಸನ್ನಿಧಾನಕ್ಕೆ, ಉತ್ತರ ಕನ್ನಡ ಜಿಲ್ಲೆ ಶಿರಸಿಯಿಂದ ನಂದನ ಎಂಬುವನು ಎರಡೂ ಕೈ ಜೋಡಿಸಿ, ತಲೆ ಬಗ್ಗಿಸಿ, ಊರವರೆಲ್ಲ ಓದಲಿ ಅಂತಲೇ ಬರೆದುಕೊಂಡಿದ್ದು.

ಮಾನ್ಯರೇ,

ನಾವು ಇಲ್ಲಿ ಕ್ಷೇಮ, ತಾವೂ ತಮ್ಮ ಸೌಟು-ಪಾತ್ರೆಗಳೂ ಅಲ್ಲಿ ಕ್ಷೇಮ ಅಂತ ತಿಳಿದುಕೊಂಡಿದ್ದೇನೆ. ತಮಗೆ ಕನ್ನಡ ಬರೋದಿಲ್ಲ, ನನಗೆ ತಮ್ಮ ಭಾಷೆ ಬರೋದಿಲ್ಲ, ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೇ. ಹಾಗಾಗಿ ಪೇಪರಿನಲ್ಲಿ ಹಾಕಿಸ್ತಾ ಇದ್ದೇನೆ, ಆ ಕಡೆ ಟೂರು ಹೋಗುವ ಪುಣ್ಯಾತ್ಮರು ಯಾರಾದರೂ ತಮಗೆ ಓದಿ ಹೇಳಲಿ. ತಕರಾರು ದೊಡ್ಡದೇನಲ್ಲ. ಹೋದ ವರ್ಷ, ಅಂದರೆ 2008ರ ಆಷಾಢದಲ್ಲಿ, ತಾವು ನನ್ನ ಹತ್ತಿರ "ಬರುವ ಬೇಸಿಗೆಗೆ ಇಲ್ಲಿ ಕೆಲಸಕ್ಕೆ ಬರ್ತೀಯಾ?" ಅಂತ ಕೇಳಿದಿರಿ, ನಾನು "ಬೇಡ" ಅಂದೆ, ತಾವು ಅದನ್ನ ನಂಬಿಬಿಟ್ಟಿರಿ. ನಂಬಿದ್ದೇ ನನ್ನ ತಕರಾರು.

ಮೊದಲಿಗೆ ನನ್ನ ಪರಿಚಯ ಮಾಡಿಕೊಡೋದು ಮರ್ಯಾದೆ. ನಾನು ಹತ್ತನೇ ಕ್ಲಾಸು ಮುಗಿಸಿ, ಹುಬ್ಬಳ್ಳಿಯ ಬಟ್ಟೆ ಅಂಗಡಿ, ಗೋವಾದ ಬೇಕರಿ, ಯಲ್ಲಾಪುರದ ಲಾರಿ ಆಫೀಸು ಹೀಗೆ ಎಲ್ಲಾ ಕಡೆ ಹೋಗಿ, ಎಲ್ಲಾ ಕಡೆಯಿಂದಲೂ ಅಷ್ಟೇ ಬೇಗ ವಾಪಸ್ ಬಂದು, ಕಡೆಗೆ ಅಡುಗೆ ಕಮಲಾಕರ ಭಟ್ಟರ ಕೈಕೆಳಗೆ ಮದುವೆ ಮನೆಗಳಲ್ಲಿ ಬಡಿಸೋದಕ್ಕೆ ನಿಂತವನು. ಈ ಕೆಲಸ ಮಾತ್ರ ನನಗೆ ಒಗ್ಗಿತು, ಯಾಕಂದರೆ ಇದರಲ್ಲಿ ಕೂರುವ ಹಾಗೇ ಇಲ್ಲ. ನಮ್ಮ ಕಡೆ ಬಡಿಸೋದು ಅಂದರೆ ಪಾತ್ರೆಯಿಂದ ಎಲೆಗೆ ಹಾಕೋದು ಅಂತ ತಾವು ತಿಳಿದಿದ್ದರೆ ಅದು ತಮ್ಮ ತಪ್ಪಲ್ಲ, ದೂರದ ತಪ್ಪು. ಇಲ್ಲಿ ಉಣ್ಣುವವರು ಮೊದಲನೇ ಸಲ ಬೇಡ ಅನ್ನೋದು ನಮಸ್ಕಾರ ಹೇಳಿದ ಹಾಗೆ. ಎರಡನೇ ಸಲ ಬೇಡ ಅಂದರೆ ಹೋಳಿಗೆ ಚೆನ್ನಾಗಿದೆ ಅಂತ. ಎಲೆ ಮೇಲೆ ಎರಡೂ ಕೈ ಅಡ್ಡ ಇಟ್ಟರು ಅಂದರೆ ಬೆರಳ ಸಂದಿಯಲ್ಲಿ ಹಾಕು ಅಂತ. ಅಷ್ಟಾದ ಮೇಲೆ ಯಜಮಾನರು ಪಂಕ್ತಿಯ ಮಧ್ಯೆ "ಸಾವಕಾಶ, ಸಾವಕಾಶ, ಕೇಳಿ ಹಾಕಿಸ್ಕಳಿ" ಅಂತ ಕೈಮುಗೀತಾ ಬರ್ತಾರೆ. ಆಗಲೂ ಬಾಯಿಬಿಟ್ಟು ಕೇಳಿ ಹಾಕಿಸಿಕೊಂಡವರನ್ನ ನಾನು ಇವತ್ತಿನ ತನಕ ಕಂಡಿಲ್ಲ. ಎಲೆ ಮಡಚಿ ಎದ್ದರೆ ಮಾತ್ರ ನಿಜವಾದ ಬೇಡ, ಅದನ್ನೂ ಪೂರ್ತಿ ನಂಬೋದಕ್ಕೆ ಆಗೋದಿಲ್ಲ, ಕೈ ತೊಳೆಯೋ ಜಾಗದಲ್ಲಿ ಬಾಯಿಗೇ ಲಾಡು ಹಾಕಿಸಿಕೊಂಡವರಿದ್ದಾರೆ.

ಇಂಥ ಜನ ತಮ್ಮ ದೇಶದ ಹಳೇ ಪೇಟೆಗಳನ್ನ ನೋಡೋದಕ್ಕೆ ಬಂದಿದ್ದು. ಆಷಾಢದಲ್ಲಿ ಮದುವೆ ಇಲ್ಲ, ಅಡಿಕೆ ತೋಟಕ್ಕೆ ಕೊಳೆರೋಗದ ಮೊದಲನೇ ಮದ್ದು ಹೊಡೆಸಿ ಆಗಿತ್ತು, ಹುಬ್ಬಳ್ಳಿಯ ಟೂರು ಕಂಪನಿಯವರು ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಂದು ಬಸ್ಸು ಜನವನ್ನ ಒಟ್ಟು ಹಾಕಿ, "ಐತಿಹಾಸಿಕ ಪಟ್ಟಣಗಳು, ಸ್ಥಳೀಯ ಸಾಂಪ್ರದಾಯಿಕ ಊಟ" ಅಂತ ಕಾಗದದಲ್ಲಿ ಛಾಪಿಸಿ, ಆ ಸ್ಥಳೀಯ ಊಟವನ್ನ ಯಾರೂ ತಪ್ಪಿಯೂ ತಿನ್ನಬಾರದು ಅಂತ ಕಮಲಾಕರ ಭಟ್ಟರನ್ನೂ, ಅವರ ಜೊತೆಗೆ ನನ್ನನ್ನೂ, ಅಕ್ಕಿ-ಬೇಳೆ-ಕುಕ್ಕರಿನ ಎರಡು ಟ್ರಂಕನ್ನೂ ಹೊರಡಿಸಿದ್ದರು. ಟ್ರಂಕುಗಳು ವಿಮಾನ ಬದಲಿಸುವಲ್ಲಿ ಎಲ್ಲೋ ಬೇರೆ ದೇಶ ನೋಡೋದಕ್ಕೆ ಹೋದವು. ವಾರ್ಸಾದಲ್ಲಿ ಬರೀ ಕೈಯಲ್ಲಿ ಇಳಿದ ಭಟ್ಟರು ಹೆಗಲ ಮೇಲಿನ ಟವೆಲನ್ನ ಮುಖಕ್ಕೆ ಹಿಡಿದುಕೊಂಡು ಕೂತಿದ್ದು ನೋಡಿ ಅಲ್ಲಿಯ ಪೊಲೀಸರೊಬ್ಬರು ಯಾರು ತೀರಿಕೊಂಡರು ಅಂತ ವಿಚಾರಿಸಿದರು.

ತಮ್ಮ ಊರುಗಳ ಬಗ್ಗೆ ನನಗೆ ಒಂದು ಚೂರೂ ಬೇಸರ ಇಲ್ಲ, ಅದನ್ನ ಇಲ್ಲೇ ಹೇಳಿಬಿಡ್ತೇನೆ. ವಾರ್ಸಾದ ಹಳೇ ಪೇಟೆ ಯುದ್ಧದಲ್ಲಿ ಪುಡಿಯಾಗಿ, ಆಮೇಲೆ ಹಳೇ ಚಿತ್ರಗಳನ್ನ ನೋಡಿಕೊಂಡು ಮೊದಲಿನ ಹಾಗೇ ಕಟ್ಟಿದ್ದು ಅಂತ ತಿಳಿದಾಗ, ಸಿದ್ದಾಪುರದ ಸೀತಾರಾಮ ಹೆಗಡೆಯವರು "ಹಂಗಾದ್ರೆ ಇದು ಹಳೇದನೋ ಹೊಸದನೋ, ನೋಡವ ಬ್ಯಾಡವ?" ಅಂತ ಕೇಳಿದ್ದು ಬಿಟ್ಟರೆ ಎಲ್ಲರೂ ಬಾಯಿ ತೆರೆದುಕೊಂಡೇ ನಡೆದರು. ಕ್ರಾಕುವ್‌ನಲ್ಲಿ ಇಗರ್ಜಿಯ ಗೋಪುರದ ಮೇಲಿಂದ ತಾಸಿಗೊಮ್ಮೆ ಕಹಳೆ ಊದುವವರು ರಾಗವನ್ನ ಅರ್ಧಕ್ಕೇ ನಿಲ್ಲಿಸ್ತಾರೆ, ಹಿಂದೊಮ್ಮೆ ಊದುವವನ ಗಂಟಲಿಗೆ ಶತ್ರುವಿನ ಬಾಣ ಬಿದ್ದ ನೆನಪಿಗೆ ಅಂತೆ. ನಮ್ಮವರು ಉಳಿದ ಅರ್ಧ ಬರ್ತದೆ ಅಂತ ಕುತ್ತಿಗೆ ಎತ್ತಿಕೊಂಡು ಇನ್ನೊಂದು ತಾಸು ನಿಂತರು. ತಮ್ಮ ತೋರುನ್‌ನಲ್ಲಿ ವಾಲಿದ ಗೋಪುರಕ್ಕೆ ಬೆನ್ನು ಹಚ್ಚಿ, ಕೈ ಮುಂದೆ ಚಾಚಿ ನಿಲ್ಲಬೇಕು, ಪಾಪ ಮಾಡಿದವರು ಮುಗ್ಗರಿಸ್ತಾರೆ ಅಂದರು. ಕಮಲಾಕರ ಭಟ್ಟರು ಬೆನ್ನು ಹಚ್ಚುವ ಮೊದಲೇ ಮುಗ್ಗರಿಸಿದರು, "ಅದು ಪಾಪ ಅಲ್ಲ, ಹೊಟ್ಟೆ" ಅಂತ ಅವರೇ ಎಲ್ಲರಿಗೂ ಸಮಜಾಯಿಷಿ ಕೊಟ್ಟರು.

ಅವತ್ತು ಸಂಜೆಯೇ ತಮ್ಮ ಹೋಟೆಲಿಗೆ ಬಂದಿದ್ದು. ಹಂದಿ ಇರಬಾರದು ಅಂತ ಯಲ್ಲಾಪುರದ ಲಾರಿ ಮಾಲೀಕರು ಅಬ್ದುಲ್ ಗಫೂರ್ ಸಾಹೇಬರು, ಮೊಟ್ಟೆ-ಮಾಂಸ ಯಾವುದೂ ಇರಬಾರದು ಅಂತ ಹೆಗಡೆಯವರು, ಇಬ್ಬರದ್ದೂ ಮಾತು ಉಳಿಯುವ ಹಾಗೆ ತಾವು ಬಟಾಟೆ-ಚೀಸು ತುಂಬಿದ ಪಿರೋಗಿ ಎಂಬ ಕಡುಬನ್ನ, ಮೇಲೆ ಬೆಣ್ಣೆಯಲ್ಲಿ ಹುರಿದ ಈರುಳ್ಳಿ ಹಾಕಿ ತಂದಿರಿ. ಬೀಟ್‌ರೂಟು-ಮೊಸರಿನ ಗುಲಾಬಿ ಬಣ್ಣದ ತಣ್ಣನೆ ಸಾರು ತಂದಿರಿ, ಹೆಗಡೆಯವರ ಮನೆಯವರು ದೇವಕಿ ಅತ್ತೆ ಒಂದು ಚಮಚ ಬಾಯಿಗಿಟ್ಟು "ಅಯ್ಯೋ, ಇದು ತಂಬ್ಳಿನೇ ಸೈ!" ಅಂತ ಕೂಗಿದ್ದಕ್ಕೆ ಪಕ್ಕದ ಮೇಜಿನ ಜರ್ಮನ್ನರು ಚಮಚ ಕೆಳಗಿಟ್ಟರು. ಎಲ್ಲರ ತಟ್ಟೆಯೂ ಗಳಿಗೆಯಲ್ಲಿ ಖಾಲಿ. ಆಗ ತಾವು ಹಬೆಯಾಡುವ ದೊಡ್ಡ ಪಾತ್ರೆಯನ್ನ ಎತ್ತಿಕೊಂಡು ಬಂದು, ನಗುನಗುತ್ತಾ, ಇನ್ನೂ ಬೇಕಾ ಅಂತ ಕೇಳಿದಿರಿ. ದೇವಕಿ ಅತ್ತೆ "ಬ್ಯಾಡ ಬ್ಯಾಡ, ಹೊಟ್ಟೆ ತುಂಬಿ ಹೋತು" ಅಂದರು. ಗಫೂರ್ ಸಾಹೇಬರು ಎದೆ ಮೇಲೆ ಕೈಯಿಟ್ಟು "ನಕೋ ನಕೋ, ಬಸ್ ಆತು" ಅಂದರು. ಹೆಗಡೆಯವರು ತಟ್ಟೆಗೆ ಅಡ್ಡ ಎರಡೂ ಕೈ ಇಟ್ಟರು. ಒಂದು ಮದುವೆ ಮನೆಯಲ್ಲಿ ಇದಕ್ಕಿಂತ ಒಳ್ಳೇ ಶಕುನ ಬೇರೆ ಇಲ್ಲ. ತಾವು ತಲೆ ಆಡಿಸಿದಿರಿ, ಪಾತ್ರೆ ಎತ್ತಿಕೊಂಡಿರಿ, ಒಳಗೆ ಹೋದಿರಿ.

ಮಾನ್ಯರೇ, ಆಮೇಲೆ ಆ ಮೇಜಿನಲ್ಲಿ ನಡೆದಿದ್ದು ತಮಗೆ ಗೊತ್ತಿರಲಿಕ್ಕಿಲ್ಲ. ದೇವಕಿ ಅತ್ತೆ "ಎಂತಾ ಮಾಣಿನೋ ಇಂವ, ಬ್ಯಾಡ ಅಂದ್ರೆ ತಗಂಡು ಹೋಗೇಬುಟ!" ಅಂದರು. ಹೆಗಡೆಯವರು ಕೈ ತೆಗೆಯದೇ "ತಡಿಯೇ, ಬಿಸೀದು ತಗಂಬರಲೆ ಹೋಯ್ದ" ಅಂತ ಸಮಾಧಾನ ಮಾಡಿದರು. ಗಫೂರ್ ಸಾಹೇಬರು ಒಳಗಿನ ಬಾಗಿಲನ್ನೇ ನೋಡ್ತಾ ನೋಡ್ತಾ, "ನಮ್ ಕಡೆ ಹಿಂಗ್ ಮಾಡಿದ್ರೆ ಸಂಬಂಧಾನೇ ಮುರೀತದೆ ನೋಡ್ರಿ" ಅಂದರು. ತಾವು ಬಿಲ್ಲು ತಂದಿರಿ. ಕಮಲಾಕರ ಭಟ್ಟರು ಟ್ರಂಕು ಹೋದ ಮೇಲೆ ಮೊದಲನೇ ಸಲ ಅಡುಗೆಯವರ ಗತ್ತಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು: "ತಮಾ, ಇವಕ್ಕೆ ಕೇಳಲೆ ಬತ್ತು, ಬಡಿಸಲೆ ಬತ್ತಿಲ್ಲೆ."

ಮರುದಿನ ಮಧ್ಯಾಹ್ನದ ಊಟಕ್ಕೂ ನಾವು ತಮ್ಮಲ್ಲಿಗೇ ಬಂದು ಕೂತು, ತಾವು ಪಾತ್ರೆ ಹಿಡಿದು ಹೊರಗೆ ಬಂದಾಗ ಅದನ್ನ ತಮ್ಮ ಕೈಯಿಂದ ಕಿತ್ತುಕೊಂಡ ದಾಂಡಿಗ ನಾನೇ. ಕ್ಷಮೆ ಕೇಳೋದಿಲ್ಲ, ತಾವೂ ಆವಾಗ ಬೇಸರ ಮಾಡಿಕೊಂಡಿಲ್ಲ. ದೇವಕಿ ಅತ್ತೆಗೆ "ಒಂದೇ ಒಂದು, ಮಾರೆಕ್ ಮಾವನ ಮಾತಿಗೆ ಬೆಲೆ ಇಲ್ಲವಾ" ಅಂದು ಮೂರು ಹಾಕಿದೆ, ಹೆಗಡೆಯವರ ಬೆರಳ ಸಂದಿಯಲ್ಲಿ ಎರಡು ಜಾರಿಸಿದೆ, ಗಫೂರ್ ಸಾಹೇಬರಿಗೆ "ಯಲ್ಲಾಪುರದವರು ತಿನ್ನೋದ್ರಲ್ಲಿ ಹಿಂದೆ ಬಿದ್ರಂತೆ" ಅಂತ ಗಾಳಿ ಹಾಕಿದೆ, ಅವರು ತಟ್ಟೆಯನ್ನ ತಾವೇ ಮುಂದೆ ದೂಡಿದರು. ಪಾತ್ರೆ ಖಾಲಿಯಾಯಿತು, ಇನ್ನೊಂದು ಬಂತು, ಅದೂ ಆಯಿತು. ಆ ಉಮೇದಿನಲ್ಲಿ, ಅವತ್ತೂ ಪಕ್ಕದ ಮೇಜಿಗೇ ಬಂದಿದ್ದ ಜರ್ಮನ್ನರಿಗೂ ಬಡಿಸಿಬಿಟ್ಟೆ, ಅವರು ಆರ್ಡರ್ ಮಾಡಿರಲಿಲ್ಲ ಅಂತ ಆಮೇಲೆ ತಿಳೀತು. ತಾವು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿರಿ, ಟೂರು ಕಂಪನಿಯ ಸುಜಯನನ್ನ ಕರೆದು, ತಮ್ಮ ಅಜ್ಜಿ ಮನೆಯಲ್ಲಿ ಥೇಟ್ ಹೀಗೇ ಮಾಡ್ತಿದ್ದರು, ತಟ್ಟೆ ಖಾಲಿ ಮಾಡಿದವರು ಅವರ ಕೈಯಿಂದ ಪಾರಾಗಿದ್ದಿಲ್ಲ ಅಂತ ಹೇಳಿಸಿದಿರಿ. ಅದೇ ಮಾತಿನ ಬಾಲಕ್ಕೆ, ಬರುವ ಬೇಸಿಗೆಗೆ ಇಲ್ಲಿ ಕೆಲಸಕ್ಕೆ ಬರ್ತೀಯಾ, ಕಾಗದಪತ್ರ ನಾನು ಮಾಡಿಸ್ತೇನೆ, ಮಾಳಿಗೆ ಮೇಲೆ ಕೋಣೆ ಖಾಲಿ ಇದೆ ಅಂತ ಕೇಳಿಸಿದಿರಿ.

ಹತ್ತನೇ ಕ್ಲಾಸಿನಿಂದ ಈಚೆ ನನಗೆ ಬಾ ಅಂದವರಿದ್ದಾರೆ, ಹೋಗು ಅಂದವರು ಅದಕ್ಕಿಂತ ಜಾಸ್ತಿ ಇದ್ದಾರೆ, ಆದರೆ "ಬರ್ತೀಯಾ?" ಅಂತ ಕೇಳಿದವರು ತಾವೊಬ್ಬರೇ. ಕಿಟಕಿಯಾಚೆ ಆ ಕೆಂಪು ಬೀದಿ, ಅದರ ತುದಿಯಲ್ಲಿ ಅಗಲದ ಹೊಳೆ, ಶುಂಠಿ-ಲವಂಗ ಹಾಕಿದ ಬಿಸ್ಕೀಟು ಬೇಯುವ ವಾಸನೆ, ಎಲ್ಲಾ ಒಂದೇ ಸಲ ಕಂಡು, ಇದು ನಾನು ವಾಪಸ್ ಓಡಿ ಬರದ ಜಾಗ ಅನ್ನಿಸಿತು. ಹಾಗಾಗಿ ಮರ್ಯಾದಸ್ಥ ಮನೆಯ ಹುಡುಗ ಏನು ಹೇಳಬೇಕೋ ಅದನ್ನೇ ಹೇಳಿದೆ: "ಅಯ್ಯೋ ಬೇಡ ಬೇಡ, ನನ್ನಂಥವನಿಂದ ನಿಮಗೆ ಎಂತ ಉಪಯೋಗ, ಸುಮ್ಮನೆ ತೊಂದರೆ." ಇಷ್ಟುದ್ದದ ಮಾತನ್ನ ಸುಜಯ ಇಂಗ್ಲಿಷಿಗೆ ಮಾಡುವಾಗ "ನೋ" ಅಂತ ಒಂದಕ್ಷರ ಮಾಡಿದ. ತಾವು ಕೈಕುಲುಕಿ, ಒಂದು ಪ್ಯಾಕೆಟ್ ಬಿಸ್ಕೀಟು ಕೊಟ್ಟು, ಒಳಗೆ ಹೋದಿರಿ.

ಎರಡನೇ ಸಲ ಮೆಟ್ಟಿಲ ಹತ್ತಿರ ಕೇಳ್ತೀರಿ ಅಂದುಕೊಂಡೆ. ಚಪ್ಪಲಿ ಹಾಕೋದನ್ನ ಆದಷ್ಟು ನಿಧಾನ ಮಾಡಿದೆ. ಮೂರನೇ ಸಲ ಬಸ್ಸಿನ ಹತ್ತಿರ ಕೇಳೇ ಕೇಳ್ತೀರಿ ಅಂತ ಹಿಂದಿನ ಸೀಟು ಹಿಡಿದೆ, ನಮ್ಮಲ್ಲಿ ಕಾಫಿ ಬೇಡ ಅಂದವರನ್ನೂ ಅಂಗಳದಾಚೆಯ ದಣಪೆ ಗೇಟಿನ ತನಕ ಬಂದು ಕೇಳ್ತಾರೆ. ಕೋಟೆ ಗೋಡೆ ದಾಟುವಾಗಲೂ ಹಿಂದೆ ನೋಡ್ತಾ ಇದ್ದೆ. ಒಬ್ಬರು ಓಡಿ ಬರ್ತಾ ಇದ್ದರು, ಅವರು ದೇವಕಿ ಅತ್ತೆ ಮರೆತ ಛತ್ರಿ ಹಿಡಿದುಕೊಂಡ ಜರ್ಮನ್ನರಲ್ಲೊಬ್ಬರು. ಊರಿಗೆ ಬಂದು ಆಯಿಗೆ, ಅಂದರೆ ನಮ್ಮಮ್ಮನಿಗೆ, ಹೇಳಿದರೆ "ಬ್ಯಾಡ ಅಂದಿದ್ದು ಚೊಲೋ ಆತು, ಕೇಳಿದ ಕೂಡ್ಲೇ ಹೂಂ ಅಂದ್ರೆ ಹಸಿದು ಬಂದವ ಅಂದ್ಕತ್ತ" ಅಂತ ಮೆಚ್ಚಿಕೊಂಡಳು, ಒಲೆಗೆ ಕಟ್ಟಿಗೆ ಒಟ್ಟುತ್ತಾ ಸಣ್ಣ ದನಿಯಲ್ಲಿ "ಮತ್ತೆ ಕೇಳಿದ್ನೇ ಇಲ್ಯನೋ?" ಅಂದಳು. ಅದಕ್ಕೆ ಉತ್ತರ ತಮ್ಮ ಹತ್ತಿರ ಇರಬಹುದು ಅಂತಲೇ ಈ ಪತ್ರ.

ತಾವು ಸತ್ಯವಂತರು, ಅದರಲ್ಲಿ ಅನುಮಾನ ಇಲ್ಲ. ಹೇಳಿದ್ದನ್ನ ಹೇಳಿದ ಹಾಗೇ ನಂಬುವ ಮನುಷ್ಯರನ್ನ ನಮ್ಮ ಮೂರೂ ತಾಲೂಕಿನಲ್ಲಿ ಹುಡುಕಿದರೂ ಸಿಗೋದಿಲ್ಲ, ಸಿಕ್ಕಿದ್ದರೆ ಅವರು ಉಪವಾಸ ಸತ್ತಿರ್ತಿದ್ದರು. ಆದರೂ ತಮ್ಮಂಥ ದೊಡ್ಡವರಿಗೆ ಸಣ್ಣವನದ್ದೊಂದು ವಿನಂತಿ. ಬರುವ ವೈಶಾಖದಲ್ಲಿ ಹೋಟೆಲಿಗೆ ಬೀಗ ಹಾಕಿ ಶಿರಸಿಗೆ ಬಂದು, ಕಮಲಾಕರ ಭಟ್ಟರ ಕೈಕೆಳಗೆ ಒಂದು ಸೀಸನ್ ಹೋಳಿಗೆ ಬಡಿಸಿ, ಬೇಡದಲ್ಲಿ ಎಷ್ಟು ಜಾತಿ ಅಂತ ಕಲಿತು ಹೋಗಬೇಕು. ಅಷ್ಟಕ್ಕೆ ಪುರಸೊತ್ತು ಇಲ್ಲದಿದ್ದರೆ, ಯಾರೇ ಬೇಡ ಅಂದರೂ ಮೂರು ಸಲದ ಒಳಗೆ ಪಾತ್ರೆ ಒಳಗೆ ಒಯ್ಯಬಾರದು ಅಂತ ತಮ್ಮ ಪುರಸಭೆಯಲ್ಲಿ ಒಂದು ಠರಾವು ಮಾಡಿಸಬೇಕು, ಸೂರ್ಯ ನಿಂತಲ್ಲೇ ನಿಂತಿದ್ದಾನೆ, ತಿರುಗೋದು ಭೂಮಿ ಅಂತ ಹೇಳಿದವರು ಹುಟ್ಟಿದ ಊರಿಗೆ ಇಷ್ಟು ಕಷ್ಟ ಆಗಲಿಕ್ಕಿಲ್ಲ. ಅದೂ ಆಗದಿದ್ದರೆ, ತಮ್ಮ ಅಜ್ಜಿಯವರು ಇನ್ನೂ ಇದ್ದರೆ, ನನ್ನನ್ನ ಕೇಳುವ ಕೆಲಸ ಅವರಿಗೇ ವಹಿಸಿಬಿಡಿ, ಆ ಹೆಂಗಸಿನ ಕೈಯಿಂದ ಯಾರೂ ಪಾರಾಗೋದಿಲ್ಲ ಅಂತ ತಾವೇ ಹೇಳಿದ್ದೀರಿ.

ಅಜ್ಜಿಯವರೂ ಇಲ್ಲದಿದ್ದರೆ, ಮಾನ್ಯರೇ, ಇನ್ನು ನಾನೇ ಹೇಳಬೇಕಾಗ್ತದೆ. ಈ ಸಾಲನ್ನ ಬರೆದು ಬರೆದು ಹೊಡೆದು ಹಾಕಿದ್ದೇನೆ, ನಮ್ಮ ಮನೆತನದಲ್ಲಿ ಇದನ್ನ ಮೊದಲನೇ ಸಲಕ್ಕೇ ಹೇಳಿದವರು ಯಾರೂ ಇಲ್ಲ. ಹೌದು. ಬರ್ತೇನೆ. ಮಾಳಿಗೆ ಮೇಲಿನ ಕೋಣೆ ಸಾಕು.

ಕೇಳಿದ್ದಕ್ಕಿಂತ ಎರಡು ಜಾಸ್ತಿಯೇ ಬಡಿಸುವ,
ತಮ್ಮ ವಿಶ್ವಾಸಿ,
ನಂದನ
ಶಿರಸಿ, 2009ರ ಮಾರ್ಚ್

ತಾ.ಕ.: ಮೇಲಿನದ್ದನ್ನ ಓದಿಕೊಂಡು ನನಗೆ ಉತ್ತರ ಬರೆಯುವ ತೊಂದರೆ ತಾವು ಖಂಡಿತ ತಗೊಳ್ಳೋದು ಬೇಡ. ಕಾಗದಪತ್ರ ಮಾಡಿಸುವ ಕಷ್ಟವೂ ಬೇಡ. ವಿಮಾನ ನಿಲ್ದಾಣಕ್ಕೆ ಕರೆಯಲಿಕ್ಕೆ ಬರೋದಂತೂ ಬೇಡವೇ ಬೇಡ.