ಥೇಟ್ ಅಳಿಯಂದಿರ ಹಾಗೇ

ಕನ್ನಡಕದ ಅಂಗಡಿಯವನು ಮಾಡಿದ ತಪ್ಪು ಒಂದೇ. ಒಲೆಯ ಮೇಲೆ ಹಾಲಿಟ್ಟು, ಕಸದ ಬಕೆಟ್ ಹಿಡಿದು ಮನೆಯಿಂದ ಹೊರಗೆ ಕಾಲಿಟ್ಟ. ವಾಪಸು ಬರುವಷ್ಟರಲ್ಲಿ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು.

"ಅತ್ತೇ, ಬಾಗಿಲು ತೆಗೀರಿ. ನಾನು."

"ನಾನು ಅಂದ್ರೆ ಯಾರು?"

"ನಿಮ್ಮ ಅಳಿಯ!"

ಅತ್ತೆ ಕಿಟಕಿಯ ಪರದೆ ಸರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ವೇಷ ಚೆನ್ನಾಗಿ ಹಾಕಿದೀಯ. ಥೇಟ್ ನಮ್ಮ ಅಳಿಯಂದಿರ ಹಾಗೇ ಇದೀಯ. ಆದ್ರೆ ನಾನು ಮೋಸ ಹೋಗೋಳಲ್ಲ. ಅವರನ್ನ ಏನು ಮಾಡಿದೆ, ಹೇಳು!"

ಅತ್ತೆಗೆ ಮರೆವಿನ ಕಾಯಿಲೆ. ಅಳಿಯನ ಮುಖ ನೆನಪಿದೆ, ಆದರೆ ಆ ಮುಖ ಹೊತ್ತು ತಿರುಗುವವನು ಬೇರೆ ಯಾರೋ ಎಂಬ ಗುಮಾನಿ ಆಗಾಗ ತಲೆಗೆ ಹೊಗುತ್ತಿತ್ತು. ಊರವರಿಗೆಲ್ಲ ಕಣ್ಣು ಕಾಣುವಂತೆ ಮಾಡುವವನು ಸ್ವಂತ ಮನೆಯಲ್ಲೇ ಕಾಣದಾಗಿದ್ದ. ಹಾಗೆ ನೋಡಿದರೆ ಕಾಯಿಲೆಗೆ ಮುಂಚೆಯೂ ಅವನು ಕಂಡದ್ದು ಅಷ್ಟಕ್ಕಷ್ಟೇ. ಮದುವೆಯಾದಂದಿನಿಂದ ಅತ್ತೆಯ ಬಾಯಲ್ಲಿ ಒಂದೇ ಒಂದು ಒಳ್ಳೆಯ ಮಾತು ಕೇಳಬೇಕೆಂದು ಕಾದಿದ್ದ. ಹಿತ್ತಲ ಗಿಡ ಮದ್ದಲ್ಲವಲ್ಲ, ಆ ಮಾತು ಬಂದಿರಲಿಲ್ಲ.

ಗದ್ದಲ ಕೇಳಿ ಎದುರುಮನೆಯ ಆಂಟಿ ಬಂದರು. ಹಿಂದೆಯೇ ಮೇಲಿನ ಮನೆಯ ನಿವೃತ್ತ ವಕೀಲರು ಇಳಿದರು. ವಾದಿಸಲು ಯಾರೂ ಸಿಗದೆ ಸೊರಗಿದ್ದ ಅವರ ಮುಖ ಅರಳಿತು.

"ಪುರಾವೆ ತೋರಿಸ್ಬೇಕು ಕಣ್ರೀ. ಕಣ್ಣಾರೆ ಕಂಡ್ಮೇಲೆ ಯಾರಾದ್ರೂ ಒಪ್ಪಲೇಬೇಕು," ಎಂದರು ವಕೀಲರು.

ಆಂಟಿಯ ಮೊಬೈಲಿನಲ್ಲಿ ಕಟ್ಟಡದ ಎಲ್ಲರ ಫೋಟೊ ಇದ್ದೇ ಇರುತ್ತಿತ್ತು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ವಕೀಲರು ಒಂದನ್ನು ಹುಡುಕಿ ಕಿಟಕಿಗೆ ಹಿಡಿದರು. "ನೋಡಿ ಅಮ್ಮಾ, ನಿಮ್ಮ ಮಗಳ ಪಕ್ಕ ನಿಂತಿರೋದು ಇವರೇ ತಾನೇ?"

"ಅಯ್ಯೋ, ನನ್ನ ಮಗಳ ಪಕ್ಕಾನೂ ಹೋಗಿ ನಿಂತಿದಾನಾ!" ಅತ್ತೆ ಚೀರಿ ಕೋಲು ಎತ್ತಿಕೊಂಡರು.

ಆಂಟಿ ಅವನ ಕಿವಿಯ ಬಳಿ ಬಗ್ಗಿದರು. "ನಮ್ಮಲ್ಲೇ ಇರಲಿ, ನೀವು ಅವರೇ ತಾನೇ?"

ಅಷ್ಟರಲ್ಲಿ ಹಾಲು ಸೀದ ವಾಸನೆ ಬಂತು. ಒಲೆ ಉರಿಯುತ್ತಿದೆ, ಒಳಗೆ ಅವರೊಬ್ಬರೇ. ಆಂಟಿಯ ಮೊಬೈಲ್ ಕಸಿದುಕೊಂಡು, ಕೆಲಸಕ್ಕೆ ಹೋಗಿದ್ದ ಹೆಂಡತಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ನಡೆದದ್ದನ್ನು ಹೇಳಿದ.

"ರೀ, ವಾದ ಮಾಡ್ಬೇಡಿ ಅಂತ ಡಾಕ್ಟರ್ ಬಡ್ಕೊಂಡಿರಲಿಲ್ವಾ?" ಅವಳು ರೇಗಿದಳು. "ಅಮ್ಮ ನಾಟಕ ಆಡ್ತಿಲ್ಲ, ಅವಳಿಗೆ ಅದು ನಿಜ. ನೀವು ಪುರಾವೆ ಕೊಟ್ಟಷ್ಟೂ ಹೆದರ್ತಾಳೆ. ಹೂಂ ಅನ್ನಿ, ಮೊದಲು ಹೆದರಿಕೆ ಹೋಗ್ಲಿ."

"ಅಂದ್ರೆ ಸುಳ್ಳು ಹೇಳೋದಾ?" ಎಂದರು ವಕೀಲರು. ಜೀವಮಾನವಿಡೀ ನ್ಯಾಯಾಲಯದಲ್ಲಿ ಕಳೆದವರಿಗೆ ಅದೇಕೋ ತೀರಾ ಹೊಸ ವಿಷಯದಂತೆ ಕಂಡಿತು.

ಅವನು ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: "ನೀವು ಹೇಳಿದ್ದು ಸರಿ ಅಮ್ಮಾ. ನಾನು ಅವರ ಸ್ನೇಹಿತ. ಅವರು ಚೆನ್ನಾಗಿದಾರೆ, ಸಂಜೆ ಬರ್ತಾರೆ. ಒಲೆ ಆರಿಸೋಕೆ ನನ್ನ ಕಳಿಸಿದ್ರು."

"ಮೊದಲೇ ಹೇಳಬಾರ್ದಾ?" ಚಿಲಕ ಸರಿಯಿತು.

ಅವನು ಓಡಿಹೋಗಿ ಒಲೆ ಆರಿಸಿದ. ಪಾತ್ರೆ ಕರಕಲಾಗಿತ್ತು, ಅತ್ತೆ ಕ್ಷೇಮವಾಗಿದ್ದರು. ಆಮೇಲೆ ಅಂಗಡಿಗೆ ರಜೆ ಹಾಕಿ, ತನ್ನದೇ ಮನೆಯಲ್ಲಿ ನೆಂಟನ ಹಾಗೆ ಕುರ್ಚಿಯ ತುದಿಯಲ್ಲಿ ಕುಳಿತ.

"ನಮ್ಮ ಅಳಿಯಂದಿರು ಬಂಗಾರ ಕಣಪ್ಪಾ," ಎಂದರು ಅತ್ತೆ. "ನನ್ನ ಕಾಲಿನ ಉಗುರೂ ಅವರೇ ಕತ್ತರಿಸ್ತಾರೆ. ಹೆತ್ತ ಮಕ್ಕಳೂ ಮಾಡಲ್ಲ."

"ಅವರಿಗೆ ಹೇಳಿದೀರಾ?"

"ಛೆ! ಎದುರಿಗೆ ಹೇಳಿದ್ರೆ ತಲೆ ಮೇಲೆ ಕೂರ್ತಾರೆ."

ಇಷ್ಟು ವರ್ಷ ಕಾದ ಮಾತು ಕೊನೆಗೂ ಬಂದಿತ್ತು, ವಿಳಾಸ ಮಾತ್ರ ಬೇರೆಯವನದು. ಆದರೂ ಉಗುರು ಕತ್ತರಿ ತಂದು ಅವರ ಪಾದ ತೊಡೆಯ ಮೇಲಿಟ್ಟುಕೊಂಡ. ಅತ್ತೆ ಹಾಗೇ ನಿದ್ದೆಹೋದರು.

ಸಂಜೆ ಹೆಂಡತಿ ಬಂದ ಸದ್ದಿಗೆ ಅತ್ತೆ ಕಣ್ಣುಬಿಟ್ಟರು. ಅವನನ್ನೇ ದಿಟ್ಟಿಸಿದರು. ಮುಖದಲ್ಲಿ ಹಳೆಯ ಗುರುತು ಮೂಡಿತು. ಇವತ್ತಾದರೂ ಆ ಮಾತು ತನಗೇ ಸಿಗುತ್ತದೆಂದು ಅವನು ಹಿಗ್ಗಿದ.

"ಏನ್ರೀ ಅಳಿಯಂದ್ರೇ, ಈಗ ಬಂದ್ರಾ? ಹಾಲು ಸೀಯೋಕೆ ಬಿಟ್ಟು ಎಲ್ಲಿ ಹಾಳಾಗಿ ಹೋಗಿದ್ರಿ? ಪಾಪ, ನಿಮ್ಮ ಸ್ನೇಹಿತ ಇಡೀ ದಿನ ನನ್ನ ನೋಡ್ಕೊಂಡ. ಅವನನ್ನ ನೋಡಿ ಸ್ವಲ್ಪ ಕಲೀರಿ," ಎಂದ ಅತ್ತೆ, ಮಗಳ ಕಡೆ ತಿರುಗಿ ನಿಟ್ಟುಸಿರುಬಿಟ್ಟರು. "ನೋಡೋಕೂ ಇವರಿಗಿಂತ ಲಕ್ಷಣವಾಗಿದ್ದ ಕಣೇ!"